ಗೋಪ್ಯ ಪಟ್ಟಿ ಹೊತ್ತು ನಿಂತ ಶಾಲೆಯ ನೋಟಿಸ್ ಬೋರ್ಡಿಗೆ

ಸರ್ಕಾರಿ ಶಾಲೆಯ ಗೇಟಿನ ಪಕ್ಕದ ಗೋಡೆಯಲ್ಲಿ, ಗಾಜಿನ ಬಾಗಿಲ ಹಿಂದೆ ವಿರಾಜಮಾನರಾಗಿರುವ ನೋಟಿಸ್ ಬೋರ್ಡ್ ಮಹಾಶಯರ ಸನ್ನಿಧಿಗೆ, ಎದುರಿನ ರಸ್ತೆಯಲ್ಲಿ ಮಕ್ಕಳನ್ನು ದಾಟಿಸುವವನ ನಮಸ್ಕಾರಗಳು.

ಮಾನ್ಯರೇ,

ತಮ್ಮ ಮೈಮೇಲೆ ಹೆಸರಿರುವ ಹದಿನಾಲ್ಕು ಮಕ್ಕಳಲ್ಲಿ ಇಂದು, ಬುಧವಾರ, ಶಾಲೆಗೆ ಬಂದವರು ಐವರು. ಹೀಗೆಂದು ತಿಳಿಸಿದವರು ಗೇಟಿನ ಕಾವಲುಗಾರರು. ರಸ್ತೆ ದಾಟಿಸುವಾಗ ಎಣಿಸಿದ ನನಗೂ ಐವರೇ ಸಿಕ್ಕಿದ್ದಾರೆ. ಉಳಿದ ಒಂಬತ್ತು ಮಕ್ಕಳಿಗೆ ಜ್ವರವಿಲ್ಲ, ಊರಿಗೂ ಹೋಗಿಲ್ಲ. ಅವರು ತಮ್ಮನ್ನು ಓದಿದ್ದಾರೆ, ಅಷ್ಟೇ.

ಹೋದ ವಾರ ಸೋಮವಾರ ಶಿಕ್ಷಣ ಇಲಾಖೆಯಿಂದ ಒಂದು ಸುತ್ತೋಲೆ ಬಂದದ್ದು ತಮಗೆ ನೆನಪಿರಬಹುದು. ಬೇರೆ ದೇಶಗಳಿಂದ ಬಂದು ನೆಲೆಸಿದ ಕುಟುಂಬಗಳ ವಿವರಗಳನ್ನು ಶಾಲೆಯವರು ಯಾರಿಗೂ ತಿಳಿಸಕೂಡದು ಎಂಬುದು ಅದರ ಮೊದಲ ಸಾಲು. ಈ ವಿಷಯವನ್ನು ಸಂಬಂಧಪಟ್ಟ ಕುಟುಂಬಗಳ ಗಮನಕ್ಕೆ ತರತಕ್ಕದ್ದು ಎಂಬುದು ಕೊನೆಯ ಸಾಲು. ಯಾವ ಸಾಲಿಗೂ ಅನ್ಯಾಯವಾಗಬಾರದೆಂದು ನಮ್ಮ ಗುಮಾಸ್ತರು ಸುತ್ತೋಲೆಯನ್ನು ತಮ್ಮ ಮೈಮೇಲೆ ಪಿನ್ನು ಚುಚ್ಚಿ ಹಾಕಿ, ಸಂಬಂಧಪಟ್ಟವರು ಯಾರೆಂಬ ಗೊಂದಲ ಯಾರಿಗೂ ಉಳಿಯದಂತೆ ಅದರ ಕೆಳಗೆ ಹದಿನಾಲ್ಕು ಕುಟುಂಬಗಳ ಪಟ್ಟಿಯನ್ನೂ ಲಗತ್ತಿಸಿದರು: ಮಗುವಿನ ಹೆಸರು, ತಂದೆತಾಯಿ, ಮನೆ ನಂಬರು, ಕೆಲಸದ ಜಾಗ, ಈ ದೇಶಕ್ಕೆ ಬಂದ ತಾರೀಕು, ಕಾಗದಪತ್ರ ‘ಇದೆ’ ಅಥವಾ ‘ಬರಬೇಕಿದೆ’. ಮೇಲೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದ ತಲೆಬರಹ: ‘ಈ ಕೆಳಕಂಡವರ ವಿವರಗಳು ಗೋಪ್ಯ’.

ತಮ್ಮ ಹಳೆಯ ಸಾಧನೆಗಳನ್ನು ಬಲ್ಲ ನನಗೆ ಈ ಬದಲಾವಣೆ ಅಚ್ಚರಿ ತಂದಿದೆ. ಪೋಷಕರ ಸಭೆಯ ನೋಟಿಸನ್ನು ಸಭೆ ಮುಗಿದ ಮೂರನೇ ದಿನದವರೆಗೂ ಯಾರ ಕಣ್ಣಿಗೂ ಬೀಳದಂತೆ ಕಾಪಾಡಿದವರು ತಾವು. ಪರೀಕ್ಷೆಯ ವೇಳಾಪಟ್ಟಿಯಲ್ಲಿ ಗಣಿತದ ದಿನವನ್ನು ಬಾಗಿಲಿನ ಕಬ್ಬಿಣದ ಪಟ್ಟಿಯ ಹಿಂದೆ ಬಚ್ಚಿಟ್ಟು ಇಡೀ ತರಗತಿಯನ್ನು ಸಮಾಜ ವಿಜ್ಞಾನ ಓದಿಕೊಂಡು ಬರುವಂತೆ ಮಾಡಿದವರೂ ತಾವೇ. ಅಂಥವರು ಈ ಒಂದು ಹಾಳೆಯನ್ನು ಮಾತ್ರ ಕಣ್ಣಿನ ಮಟ್ಟಕ್ಕೆ, ನಟ್ಟ ನಡುವೆ, ಒಂದು ಮಡಿಕೆಯೂ ಇಲ್ಲದಂತೆ ಹಿಡಿದು ನಿಂತಿರುವ ನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು.

ತಮ್ಮ ಓದುಗರ ಬಳಗವೂ ಬೆಳೆದಿದೆ. ಹೋದ ವಾರದ ಮಂಗಳವಾರ ಬೆಳಿಗ್ಗೆ, ಶಾಲೆಯಲ್ಲಿ ಯಾವ ಮಗುವೂ ಇಲ್ಲದ ಒಬ್ಬ ಮನುಷ್ಯ ಎಂಟು ನಿಮಿಷ ತಮ್ಮೆದುರು ನಿಂತು, ಪಟ್ಟಿಯ ಫೋಟೊ ತೆಗೆದುಕೊಂಡು, ಗಾಜನ್ನು ತೋಳಿನಿಂದ ಒರೆಸಿ ಇನ್ನೊಂದು ತೆಗೆದುಕೊಂಡ. ಆ ಹೊತ್ತಿಗೆ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ತಾಯಿಯ ಕೈ ಹಿಡಿದು ನನ್ನ ಪಕ್ಕದಲ್ಲಿ ರಸ್ತೆ ದಾಟಲು ಕಾಯುತ್ತಿದ್ದಳು. ತಾಯಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವರು. ಪಟ್ಟಿಯ ಮೂರನೇ ಸಾಲು ಅವರದು, ಕಾಗದ ‘ಬರಬೇಕಿದೆ’. ನಾನು ವಾಹನ ನಿಲ್ಲಿಸಿ ಕೈ ಬೀಸಿದೆ. ಅವರು ದಾಟಲಿಲ್ಲ, ಮಗಳನ್ನು ಎಳೆದುಕೊಂಡು ಮನೆಯ ಕಡೆ ತಿರುಗಿದರು.

ಮಧ್ಯಾಹ್ನ ಅವರೊಬ್ಬರೇ ಬಂದು ಕಚೇರಿಯ ಕಿಟಕಿಯಲ್ಲಿ “ಅಣ್ಣಾ, ಆ ಹಾಳೆ ಒಂದು ತೆಗೆದ್ಬಿಡಿ, ನಿಮ್ಮ ಮಕ್ಕಳಿಗೆ ಪುಣ್ಯ ಬರುತ್ತೆ” ಎಂದು ಬೇಡಿಕೊಂಡರಂತೆ. ಅದಕ್ಕೆ ಗುಮಾಸ್ತರು “ತೆಗೆದ್ಬಿಟ್ರೆ, ನಿಮ್ಮ ವಿಷಯ ಯಾರಿಗೂ ಹೇಳಬಾರ್ದು ಅಂತ ಜನಕ್ಕೆ ಹೇಗಮ್ಮಾ ಗೊತ್ತಾಗೋದು?” ಎಂದರೆಂದು ಕಾವಲುಗಾರರು ಹೇಳಿದರು. ಮುಖ್ಯೋಪಾಧ್ಯಾಯಿನಿಯವರ ಉತ್ತರ ಇನ್ನೂ ಸ್ಪಷ್ಟವಾಗಿತ್ತು: ಒಮ್ಮೆ ಹಾಕಿದ ನೋಟಿಸ್ ಇಪ್ಪತ್ತೊಂದು ದಿನ ಇರಬೇಕು, ಮೊದಲೇ ತೆಗೆಯಲು ಶಾಲಾ ಸಮಿತಿಯ ಒಪ್ಪಿಗೆ ಬೇಕು. ಸತತ ಹತ್ತು ದಿನ ಗೈರಾದ ಮಗುವಿನ ಹೆಸರು ತೆಗೆಯಲು ಮಾತ್ರ ಯಾರ ಒಪ್ಪಿಗೆಯೂ ಬೇಡ. ಶನಿವಾರ, ಭಾನುವಾರದ ರಜೆ ಬಿಟ್ಟು ಎಣಿಸಿದರೆ ಹುಡುಗಿಯ ಗೈರಿಗೆ ಇಂದು ಏಳನೇ ದಿನ.

ನಾನು ಕೆಲಸ ಮುಗಿಸಿ ಅವಳ ಮನೆಯ ಮುಂದೆ ಹೋಗುವಾಗ ಅವಳು ಕಿಟಕಿಯಿಂದ ಕೇಳುತ್ತಾಳೆ: “ತಾತಾ, ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಇನ್ನೂ ಇದೆಯಾ? ಮಿಸ್ ಕೂಗ್ತಾರಾ?” ಮಿಸ್ ದಿನವೂ ಕೂಗುತ್ತಾರೆ, ಉತ್ತರಕ್ಕೆ ಸ್ವಲ್ಪ ಹೊತ್ತು ಕಾಯುತ್ತಾರೆ ಕೂಡ. ಅದನ್ನು ಹೇಳಿದೆ. ಬೀದಿಗೆ ಕಾಣುವ ತಮ್ಮ ಗಾಜಿನ ಹಿಂದೆ ಅವಳ ಹೆಸರು ಎಷ್ಟು ಭದ್ರವಾಗಿದೆಯೆಂಬುದನ್ನು ಮಾತ್ರ ಬಿಟ್ಟು ಹೇಳಿದೆ.

ಆದ್ದರಿಂದ ಕೆಲವು ಸಣ್ಣ ವಿನಂತಿಗಳು. ತಾವು ದಯಮಾಡಿ ಗೋಡೆಯ ಕಡೆ ಮುಖ ಮಾಡಿ ನಿಲ್ಲಬೇಕು. ಅದು ನಿಯಮಕ್ಕೆ ವಿರುದ್ಧವಾದರೆ, ಶಾಲಾ ಸಮಯದಲ್ಲಿ ಮಾತ್ರ ಗಾಜಿಗೆ ಮಂಜು ಕವಿಸಿಕೊಳ್ಳಬೇಕು. ಬಿಸಿಲು ಎರಡನೇ ಸಾಲಿನವರೆಗೆ ಬಂದು ನಿಲ್ಲುತ್ತಿದೆ. ಅದರೊಂದಿಗೆ ಮಾತಾಡಿ, ಮೂರನೇ ಸಾಲನ್ನೂ ಮಾಸಿಸಿಕೊಡುವಂತೆ ಶಿಫಾರಸು ಮಾಡಬೇಕು. ಆ ಎಂಟು ನಿಮಿಷದ ಓದುಗನಿಗೆ ಓದಿದ್ದನ್ನು ಮರೆಸಬೇಕು. ಇವೆಲ್ಲ ಅಸಾಧ್ಯವೆಂದು ಬಲ್ಲೆ. ಬೀಗ ತೆರೆದು ನಾಲ್ಕು ಪಿನ್ನು ಕೀಳುವುದು ಇವಕ್ಕಿಂತಲೂ ಅಸಾಧ್ಯವೆಂದು ಕಚೇರಿಯಲ್ಲಿ ಹೇಳಿದ್ದರಿಂದ ತಮ್ಮನ್ನೇ ಕೇಳುತ್ತಿದ್ದೇನೆ.

ದಿನಕ್ಕೆ ನಾಲ್ಕು ಗಂಟೆ ತಮ್ಮೆದುರೇ ನಿಲ್ಲುವ,
ತಮ್ಮ ವಿಶ್ವಾಸಿ,
ರಸ್ತೆ ದಾಟಿಸುವವನು

ಮರೆತ ಮಾತು: ಈ ಪತ್ರದಲ್ಲಿ ಹುಡುಗಿಯ ಹೆಸರನ್ನಾಗಲಿ, ಮನೆಯನ್ನಾಗಲಿ ನಾನು ಬರೆದಿಲ್ಲ. ಸುತ್ತೋಲೆಯನ್ನು ಪಾಲಿಸಲು ಇಷ್ಟೇ ಸಾಕಾಗಿತ್ತು. ಪಟ್ಟಿಯ ವಿಷಯವನ್ನು ಚರ್ಚಿಸಲು ಶಾಲಾ ಸಮಿತಿ ಮುಂದಿನ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಸೇರಲಿದೆ. ಹುಡುಗಿಯ ಹೆಸರನ್ನು ಹಾಜರಿ ಪುಸ್ತಕದಿಂದ ಸೋಮವಾರ ಸಂಜೆ ನಾಲ್ಕಕ್ಕೆ ತೆಗೆಯಲಾಗುತ್ತದೆ.