ಐದು ಬಕೆಟ್‌ಗಳ ಉಪವಾಸ

ನಾನು ಪದವಿ ಪಡೆಯುವುದು ಈ ಜನ್ಮದಲ್ಲಿ ಆಗದ ಕೆಲಸ ಎಂದು ಬಹರೈನ್‌ನಲ್ಲಿರುವ ಊರಿನವರಿಗೆಲ್ಲ ಸಾರಿದವರು ನನ್ನ ಸೋದರಮಾವ, ತೀರಿಹೋದ ನನ್ನ ಅಮ್ಮನ ಅಣ್ಣ. ಟುಬ್ಲಿಯ ಗ್ಯಾರೇಜೊಂದರಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವವರು. ನಮ್ಮ ಮನೆತನದಲ್ಲಿ ಈವರೆಗೆ ಪಾಸಾದದ್ದು ತನ್ನ ಡ್ರೈವಿಂಗ್ ಟೆಸ್ಟ್ ಒಂದೇ, ಅದೂ ಮೂರನೇ ಸಲ ಎಂದು ಮನೆಗೆ ಬಂದವರಿಗೆ ಚಹಾದ ಜೊತೆ ಹೇಳುತ್ತಿದ್ದರು. ನಮ್ಮಲ್ಲಿ ಮೊದಲ ಪದವೀಧರೆ ನಾನೇ, ಹೇಳಿಕೊಳ್ಳಲು ನಾಚಿಕೆಯಿಲ್ಲ. ಆದರೆ ಅದಕ್ಕೊಂದು ವರ್ಷ ತಡವಾದದ್ದು ಯಾರಿಂದ ಅಂತೀರಿ?

ರಿಫಾದ ಗಿಡಗಳ ನರ್ಸರಿಯಲ್ಲಿ ದುಡಿಯುತ್ತ, ಊರಿನ ಕಡೆಯ ವಿಶ್ವವಿದ್ಯಾಲಯದ ಅಂಚೆ ಶಿಕ್ಷಣದಲ್ಲಿ ಕೃಷಿ ಓದುತ್ತಿದ್ದೆ. ಕೊನೆಯ ವರ್ಷದ ಪ್ರಾಜೆಕ್ಟು: ಭತ್ತಕ್ಕೆ ಯೂರಿಯಾ ಯಾವಾಗ, ಎಷ್ಟು ಕೊಟ್ಟರೆ ಪೋಲಾಗದೆ ಗಿಡಕ್ಕೇ ಸಿಗುತ್ತದೆ? ಮರಳುಗಾಡಿನಲ್ಲಿ ಭತ್ತವೇ ಎಂದು ನಗಬೇಡಿ! ಸೆಕೆ ಇಳಿದಿತ್ತು, ಗ್ಯಾರೇಜಿಗೆ ತಾರಸಿಯಿತ್ತು, ಮಾವ ತಿಕ್ಕಿ ತೊಳೆದ ಇಪ್ಪತ್ತು ಪೇಂಟ್ ಬಕೆಟ್‌ಗಳಿದ್ದವು.

ಎಲೆಯ ಹಸಿರನ್ನು ಹೋಲಿಸಿ ನೋಡಲು ಒಂದು ಪಟ್ಟಿ ಸಿಗುತ್ತದೆ. ಎಲೆ ಅದರಲ್ಲಿ ಗುರುತು ಮಾಡಿದ ಹಸಿರಿಗಿಂತ ಮಂಕಾದರೆ ಮಾತ್ರ ಯೂರಿಯಾ. ಪಟ್ಟಿಯಲ್ಲಿ ನಾಲ್ಕೇ ಹಸಿರು ಕಂಡು ಮಾವನ ಕಸುಬಿಗೇ ಅವಮಾನವಾಯಿತು. ತಗಡಿನ ಮೇಲೆ ಹದಿನೇಳು ಹಸಿರು ಬಳಿದು ತಂದರು. ಹದಿನೇಳರ ವ್ಯತ್ಯಾಸ ಕಾಣುತ್ತಿದ್ದುದು ಅವರೊಬ್ಬರಿಗೇ!

ಇಪ್ಪತ್ತರಲ್ಲಿ ಐದಕ್ಕೆ ಗೊಬ್ಬರವೇ ಇಲ್ಲ. ಉಳಿದವುಗಳಲ್ಲಿ ಕೆಲವಕ್ಕೆ ಎಲೆ ನೋಡಿ, ಕೆಲವಕ್ಕೆ ತಾರೀಖು ನೋಡಿ ಕೊಟ್ಟು, ಈ ಐದರ ಜೊತೆ ಹೋಲಿಸಬೇಕು. ಆ ಐದು ಹಳದಿಯಾಗಿ ಸೊರಗಬೇಕಿತ್ತು. ಸೊರಗಲಿಲ್ಲ. ತೆನೆ ಬರುವ ಹೊತ್ತಿಗೆ ಎಲ್ಲಕ್ಕಿಂತ ಕೊಬ್ಬಿ ನಿಂತವು. ಏನಿದು ಎಂದು ಕೇಳಿದರೆ ಮಾವ ನೆಲ ನೋಡಿದರು.

"ಹದಿನೈದಕ್ಕೆ ಬಡಿಸಿ ಐದನ್ನು ಖಾಲಿ ಎಲೆ ಮುಂದೆ ಕೂರಿಸುದು ಹೇಗೆ ಮಾರಾಯ್ತಿ? ದಿನಾ ಒಂದೊಂದು ಚಿಟಿಕೆ ಹಾಕಿದೆ."

ಪ್ರಯೋಗ ಕೆಟ್ಟಿತು, ವರ್ಷ ಹೋಯಿತು. ಓದದವರು ಓದುವವರ ದಾರಿಗೆ ಅಡ್ಡ ಬರಬಾರದು ಎಂದುಬಿಟ್ಟೆ. ಆ ಮಾತನ್ನು ಇವತ್ತಿಗೂ ನುಂಗಲಾಗಿಲ್ಲ.

ಮರುವರ್ಷವೂ ತಾರಸಿಗೆ ನೀರು ಹೊತ್ತವರು ಅವರೇ. ಹಸಿದ ಐದಕ್ಕೆ ಮಾತ್ರ ಮುಖ ತಿರುಗಿಸಿಕೊಂಡು ಹೊಯ್ಯುತ್ತಿದ್ದರು. ಕೊಯ್ಲಿಗೆ ಮೊದಲೇ ಅವರ ಕಿಡ್ನಿಗಳು ಸೋತವು. ಸಲ್ಮಾನಿಯಾದ ಆಸ್ಪತ್ರೆಯ ಹಾಸಿಗೆಯಿಂದಲೇ ಬಕೆಟ್‌ಗಳ ಕ್ಷೇಮ ಕೇಳುತ್ತಿದ್ದರು. ಕೊಯ್ದು ತೂಗಿದರೆ, ಎಲೆ ನೋಡಿ ಗೊಬ್ಬರ ಕೊಟ್ಟವು ತಾರೀಖು ನೋಡಿ ಕೊಟ್ಟವಕ್ಕಿಂತ ಕಡಿಮೆ ಯೂರಿಯಾದಲ್ಲಿ ಹೆಚ್ಚು ಕಾಳು ಕಟ್ಟಿದ್ದವು. ಬರೆದು ಕಳಿಸಿ ದಿನ ಎಣಿಸಿದೆ. ಡಾಕ್ಟರೂ ಎಣಿಸುತ್ತಿದ್ದರು. ಯಾರ ಎಣಿಕೆ ಮೊದಲು ಮುಗಿಯುತ್ತದೆಂದು ಹೇಳುವವರಿರಲಿಲ್ಲ.

ಕಡೆಗೂ ಊರಿಂದ ಬಂದವರೊಬ್ಬರ ಕೈಯಲ್ಲಿ ಸರ್ಟಿಫಿಕೇಟ್ ಬಂತು. ಓಡಿಹೋಗಿ ಮಾವನ ಕೈಗಿಟ್ಟೆ. ಊದಿದ ಬೆರಳು ನನ್ನ ಹೆಸರನ್ನು ದಾಟಿ, ಕೆಳಗಿದ್ದ ಅಮ್ಮನ ಹೆಸರಿನ ಮೇಲೆ ನಿಂತಿತು.

"ಭತ್ತದ ನಟ್ಟಿಗೆ ಜನ ಸಾಲದು ಅಂತ ಇವಳನ್ನು ಶಾಲೆ ಬಿಡಿಸಿದ್ದು ನಾನೇ. ಶಾಲೆ ಗದ್ದೆಯ ಪಕ್ಕವೇ ಇತ್ತು. ಬೆಲ್ ಹೊಡೆದಾಗೆಲ್ಲ ಒಮ್ಮೆ ತಲೆ ಎತ್ತಿ ನೋಡ್ತಿದ್ಲು, ಮಗಾ."