ಸ್ಕೀ ತಳಕ್ಕೆ ಮುಲುಂಡ್ ತೇಪೆ

ಮುಂಬಯಿಯ ಮುಲುಂಡಿನಲ್ಲಿ ನನ್ನದು ಕ್ಯಾರಂ ಬೋರ್ಡು, ಕ್ರಿಕೆಟ್ ಬ್ಯಾಟು ರಿಪೇರಿ ಮಾಡುವ ಅಂಗಡಿ. ಆದರೆ 'ರಿಪೇರಿ' ಅಂತ ಒಂದು ಮಾತು ಹೊರಗೆ ಬರೆಸಿಬಿಟ್ಟರೆ ಮುಗಿಯಿತು, ಜನ ಏನನ್ನಾದರೂ ತರುತ್ತಾರೆ. ಒಬ್ಬರು ಮಾವನ ಊರುಗೋಲು ತಂದರು. ಇನ್ನೊಬ್ಬರು ಗಿಳಿ ಕಚ್ಚಿದ ಕಿಟಕಿ ಚೌಕಟ್ಟು ತಂದರು, ನಾನು ನಂಬಲಿಕ್ಕಿಲ್ಲವೆಂದು ಗಿಳಿಯನ್ನೂ ತಂದರು. ನನಗೂ ಇಲ್ಲ ಅನ್ನಲು ಬರುವುದಿಲ್ಲ. ಹೊಸ ಸಾಮಾನು ಕಂಡರೆ ಸಾಕು, ಕೈ ತುರಿಸುತ್ತದೆ. ಹೋದ ಚಳಿಗಾಲದಲ್ಲಿ ಬಂದ ಸಾಮಾನಂತೂ ನನಗೆ ಹತ್ತು ದಿನ ನಿದ್ದೆಯನ್ನೇ ಕೊಡಲಿಲ್ಲ, ಅಷ್ಟು ಖುಷಿ!

೧. ಸೊಟ್ಟ ಮೂತಿ

ಪಕ್ಕದ ಹೌಸಿಂಗ್ ಸೊಸೈಟಿಯ ಹುಡುಗಿ. ಕಾಲೇಜು ಓದುತ್ತಾಳೆ. ಅಜ್ಜಿ ಗದಗಿನವರಾದ್ದರಿಂದ ಕನ್ನಡ ತಿಳಿಯುತ್ತದೆ, ಮಾತಾಡುವಾಗ ಮಾತ್ರ ಅರ್ಧ ದಾರಿಯಲ್ಲಿ ಹಿಂದಿ ಹತ್ತುತ್ತಾಳೆ. ಆಕೆ ಎರಡು ಉದ್ದನೆಯ ಪಟ್ಟಿಗಳನ್ನು ತಂದು ಕೌಂಟರಿನ ಮೇಲೆ ಮಲಗಿಸಿದಳು.

"ಕಾಕಾ, ಇದು ಸ್ಕೀ. ಕಾಲಿಗೆ ಕಟ್ಟಿ ಬರ್ಫ್ ಮೇಲೆ ಜಾರೋದು. ಬಾಟಮ್ ನೋಡಿ, ಪತ್ಥರ್ ಲಗ್ ಗಯಾ."

ಹಿಮದ ಮೇಲೆ ಜಾರುವಾಗ ಕಲ್ಲು ಬಡಿದಿದೆಯಂತೆ. ತಿರುಗಿಸಿ ನೋಡಿದೆ. ತಳಕ್ಕೆ ಕಪ್ಪು ನುಣುಪು ಪ್ಲಾಸ್ಟಿಕ್ಕು. ಒಂದರಲ್ಲಿ ಬೆರಳುದ್ದ ಸೀಳು, ಒಳಗಿನ ಕಟ್ಟಿಗೆ ಕಾಣುತ್ತಿತ್ತು. ಯಾರೋ ಅದಕ್ಕೆ ಪುಟ್ಟಿ ಮೆತ್ತಿ ಕೈತೊಳೆದುಕೊಂಡಿದ್ದರು. ನಾನು ಉಗುರು ತಾಗಿಸಿದ್ದೇ ತಡ, ಗಾಯದ ಹಕ್ಕಳೆ ಎದ್ದ ಹಾಗೆ ಎದ್ದು ಬಂತು.

ಹತ್ತು ದಿನಕ್ಕೆ ಆಕೆ ಕಾಶ್ಮೀರದ ಗುಲ್ಮಾರ್ಗಿಗೆ ಹೊರಡಬೇಕು, ಅಲ್ಲಿ ಪಂದ್ಯ. "ಲಾಸ್ಟ್ ಇಯರ್ ಬಾಡಿಗೆ ಸ್ಕೀ ಹಾಕ್ಕೊಂಡು ಬಿದ್ದೆ ಕಾಕಾ. ಈ ಸಲ ನನ್ನದೇ ಬೇಕು ಅಂತ ಇದನ್ನ ಸೆಕೆಂಡ್ ಹ್ಯಾಂಡ್ ತಗೊಂಡೆ. ಆಗುತ್ತಾ?"

"ಆಗ್ತದವ್ವಾ, ಯಾಕಾಗೂದಿಲ್ಲ!" ಅಂದುಬಿಟ್ಟೆ. ಹೇಗೆ ಅಂತ ದೇವರಿಗೇ ಗೊತ್ತಿತ್ತು.

ಮರುದಿನ ಆಕೆ ಬಂದಾಗ ಎದೆಯುಬ್ಬಿಸಿ ಹೇಳಿದೆ: "ತಳ ಆಮ್ಯಾಲೆ. ಮೊದಲ ಮುಂದಿನ ತುದಿ ಎರಡೂ ಸೊಟ್ಟ ಆಗಿದ್ವು ನೋಡು, ನೀನು ಹೇಳೂದು ಮರ್ತಿದ್ದಿ. ಎಂಟು ಕ್ಯಾರಂ ಬೋರ್ಡ್ ಹೇರೀನಿ. ನಾಳಿಗೆ ಸೀದಾ ಆಗ್ತಾವ."

ಹುಡುಗಿ ಚೀರಿದಳು. "ಕಾಕಾ! ಅವು ಹುಟ್ಟಿದ್ದೇ ಹಾಗೆ! ಸೀದಾ ಆದ್ರೆ ನಾನು ಸೀದಾ ಬರ್ಫ್ ಒಳಗೇ!"

ಬೋರ್ಡುಗಳನ್ನು ಗಡಬಡಿಸಿ ಇಳಿಸಿದೆ. ಸ್ಕೀಗೆ ಏನೂ ಆಗಿರಲಿಲ್ಲ. ಬಾಗಿದ್ದು ಕ್ಯಾರಂ ಬೋರ್ಡು.

೨. ಲಗೇಜ್ ಡಬ್ಬಿಯಲ್ಲಿ

ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ಕೇ ಆಗಬೇಕು ಅಂತ ನನಗೆ ಹೊಳೆದದ್ದು ಮೂರನೇ ದಿನ. ಧಾರಾವಿಯಲ್ಲಿ ನನ್ನ ಹಳೆಯ ದೋಸ್ತ ಒಬ್ಬ ಇದ್ದಾನೆ, ವಿಜಯಪುರದ ಕಡೆಯವನು, ಒಡೆದ ಪ್ಲಾಸ್ಟಿಕ್ ನೀರಿನ ಟಾಕಿಗಳಿಗೆ ವೆಲ್ಡಿಂಗ್ ಮಾಡುವವನು. ಅವನ ಹತ್ತಿರ ಹೋಗೋಣವೆಂದು ಸ್ಕೀ ಹೊತ್ತುಕೊಂಡು ಲೋಕಲ್ ರೈಲಿನ ಲಗೇಜ್ ಡಬ್ಬಿ ಹತ್ತಿದೆ.

ಎದುರಿಗೆ ತರಕಾರಿ ಬುಟ್ಟಿಗಳ ನಡುವೆ ಕೂತಿದ್ದ ನಡುವಯಸ್ಸಿನ ಮಾವಶಿಯೊಬ್ಬಳು ಮರಾಠಿಯಲ್ಲಿ ಕೇಳಿದಳು, ಇದೇನು ಅಂತ.

"ಜಾರುವುದಕ್ಕೆ" ಅಂದೆ.

"ಬೇಕಂತಲೇ?"

"ಬೇಕಂತಲೇ. ಗುಡ್ಡದ ಮೇಲಿಂದ."

ಆಕೆ ಭಾಂಡುಪ್ ಸ್ಟೇಷನ್ ಬರುವ ತನಕ ಯೋಚಿಸಿದಳು. ಆಮೇಲೆ ಬಹಳ ಕನಿಕರದಿಂದ ಹೇಳಿದಳು: "ಅದಕ್ಕೆ ಅಷ್ಟು ದೂರ ಯಾಕಪ್ಪಾ? ಮಳೆಗಾಲದಲ್ಲಿ ನಮ್ಮ ಚಾಳಿನ ಮೆಟ್ಟಿಲಿಗೆ ಬಾ. ಕಾಲಿಗೆ ಏನೂ ಕಟ್ಟಿಕೊಳ್ಳುವುದೇ ಬೇಡ."

೩. ಗ್ಯಾರಂಟಿ

ದೋಸ್ತ ಸ್ಕೀಯನ್ನು ಮೇಲೆ ಕೆಳಗೆ ನೋಡಿದ. ತಳದಿಂದ ಕೂದಲೆಳೆಯಷ್ಟು ಕೆರೆದು, ಸುಟ್ಟು, ಮೂಸಿದ. ಮುಖ ಅರಳಿತು.

"ಅರೇ ಯಾರ್, ಇದು ನಮ್ಮ ಟಾಕಿ ಖಾಂದಾನಿಂದೇ ಐತಿ! ಅಸಲಿ ಮಾಲ್!"

ನಾನು ಅವನನ್ನು ತಬ್ಬಿಕೊಳ್ಳುವುದೊಂದು ಬಾಕಿ. ಇಬ್ಬರೂ ಮದುವೆಮನೆಯವರಂತೆ ಕೆಲಸಕ್ಕೆ ಬಿದ್ದೆವು. ಸೀಳಿನ ಅಂಚು ಕತ್ತರಿಸಿ ಚೊಕ್ಕ ಮಾಡಿದ್ದು ನಾನು. ಅದೇ ಪ್ಲಾಸ್ಟಿಕ್ಕಿನ ಕಪ್ಪು ಕಡ್ಡಿ ಹೊತ್ತಿಸಿ, ಮಸಿ ಬೀಳದ ಹಾಗೆ ಉರಿ ಸಣ್ಣದಿಟ್ಟು, ಹನಿ ಹನಿಯಾಗಿ ತುಂಬಿದ್ದು ಅವನು. ಆರಿದ ಮೇಲೆ ಉಕ್ಕಿನ ಪಟ್ಟಿಯಿಂದ ಹೆರೆದು ಹೆರೆದು ಮಟ್ಟ ಮಾಡಿದ್ದು ಮತ್ತೆ ನಾನು. ಫೂಟುಪಟ್ಟಿ ಅಡ್ಡ ಇಟ್ಟು ಬೆಳಕಿಗೆ ಹಿಡಿದೆವು. ಕೆಳಗಿನಿಂದ ಒಂದೆಳೆ ಬೆಳಕೂ ನುಸುಳಲಿಲ್ಲ. ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ದೋಸ್ತ ಒಂದು ಚೊಂಬು ನೀರು ತಂದು ತೇಪೆಯ ಮೇಲೆ ಸುರಿದ. ಆಮೇಲೆ ಬಗ್ಗಿ ಸ್ಕೀಯ ಕೆಳಗೆ ಕೈಯಾಡಿಸಿ ನೋಡಿದ.

"ಏನ್ ಮಾಡಾಕತ್ತೀಪಾ?"

"ಆದತ್ ಐತಿ, ಟಾಕಿಗೆ ಹಿಂಗ ನೋಡೂದು. ಪೋರಿಗೆ ಹೇಳು, ಹತ್ತು ವರ್ಸ ಗ್ಯಾರಂಟಿ. ಎಷ್ಟು ನೀರು ತುಂಬಿಸಿದ್ರೂ ಒಂದ್ ಹನಿ ಸೋರೂದಿಲ್ಲ!"

೪. ನಿಂಬೆಹಣ್ಣು

ಹೊರಡುವ ದಿನ ಸ್ಕೀ ಕೊಡಲು ನಾನೇ ಹೋದೆ. ಗೇಟಿನ ಹತ್ತಿರ ಟ್ಯಾಕ್ಸಿ ನಿಂತಿತ್ತು. ರೈಲಿಗೆ ಇನ್ನೂ ಎರಡೂವರೆ ತಾಸು. ಹುಡುಗಿ ತಳದ ಮೇಲೆ ಬೆರಳಾಡಿಸಿ ಕುಣಿದಾಡಿಬಿಟ್ಟಳು. ಅಷ್ಟರಲ್ಲಿ ಲಿಫ್ಟಿನಿಂದ ಅಜ್ಜಿ ಇಳಿದು ಬಂದರು. ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಅರಿಶಿನ, ಕುಂಕುಮ, ಉರಿಯುವ ಆರತಿ, ತೆಂಗಿನಕಾಯಿ, ಎರಡು ನಿಂಬೆಹಣ್ಣು.

"ಗಾಡಿಗೆ ಪೂಜಿ ಮಾಡದ ಹಂಗ ಹೆಂಗ ಕಳಸ್ಲಿ?"

"ಅಜ್ಜೀ, ಇದು ಗಾಡಿ ಅಲ್ಲ!"

"ಮ್ಯಾಲ ನಿಂತರ ಓಡ್ತದೋ ಇಲ್ಲೋ? ಓಡಿದ್ರ ಗಾಡಿನ."

ಅಜ್ಜಿಯೊಂದಿಗೆ ವಾದಿಸಿ ಗೆಲ್ಲುವ ಹಾಗಿರಲಿಲ್ಲ. ಕಾಂಪೌಂಡಿನ ಸಿಮೆಂಟಿನ ಮೇಲೆ ಅಜ್ಜಿ ಕಾಯಿ ಒಡೆದರು. ಒಂದೊಂದು ಸ್ಕೀ ಕೆಳಗೆ ಒಂದೊಂದು ನಿಂಬೆಹಣ್ಣು ಇಟ್ಟರು. ನಾನು "ಬ್ಯಾಡ್ರಿ ಅಜ್ಜಿ, ಬ್ಯಾಡ್ರಿ" ಅನ್ನುತ್ತಲೇ ಇದ್ದೆ. ಹುಡುಗಿ ಹತ್ತಿ ನಿಂತಳು. ಪಚಕ್! ನಿಂಬೆರಸದಲ್ಲಿ ಸ್ಕೀ ನಿಜವಾಗಿಯೂ ಜಾರಿತು. ಜಾರಿ ಸೀದಾ ಕಾಯಿಚಿಪ್ಪಿನ ಮೇಲೆ ಹೋಗಿ ಕರ್ರ್ ಅಂದಿತು.

ಹುಡುಗಿಯನ್ನು ಇಳಿಸಿ ಸ್ಕೀ ಎತ್ತಿಕೊಂಡೆ. ತಿರುಗಿಸಿ ನೋಡಿದರೆ ನಮ್ಮ ತೇಪೆ ಕಲ್ಲಿನ ಹಾಗೆ ಗಟ್ಟಿ. ಅದರ ಪಕ್ಕದಲ್ಲೇ ಹೊಸ ಗೀರು, ಆಳವಾದದ್ದು. ಹುಡುಗಿ ಅಲ್ಲೇ ಕೂತು ಮುಖ ಮುಚ್ಚಿಕೊಂಡಳು. ಅಜ್ಜಿ ಮಾತ್ರ ಆರಾಮ.

"ಅಳಬ್ಯಾಡ. ಅಲ್ಲಿ ಆಗೂದು ಇಲ್ಲೇ ಆತು. ದೃಷ್ಟಿ ಹೋತು."

ನನ್ನ ಚೀಲದಲ್ಲಿ ಉಳಿದ ಕಡ್ಡಿ ಇತ್ತು. ಅಜ್ಜಿಯ ಆರತಿಯಲ್ಲೇ ಹೊತ್ತಿಸಿ ಹನಿ ಬಿಟ್ಟೆ. ಆರುವ ತನಕ ಟ್ಯಾಕ್ಸಿಯವನು ಗಾಳಿ ಬೀಸಿದ. ಹೆರೆದು ಮಟ್ಟ ಮಾಡಿದೆ. ಸ್ಕೀ ಜಾರಬೇಕಾದರೆ ಕೊನೆಗೆ ತಳಕ್ಕೆ ಮೇಣ ಕರಗಿಸಿ ಹಚ್ಚಬೇಕು. ಮೇಣ ಹುಡುಗಿಯ ಬ್ಯಾಗಿನಲ್ಲಿತ್ತು. ಮೆಟ್ಟಿಲ ಕೆಳಗಿನ ಇಸ್ತ್ರಿಯವನು ಯಾರದೋ ಪ್ಯಾಂಟನ್ನು ಅರ್ಧಕ್ಕೇ ಬಿಟ್ಟು, ಕೆಂಡ ಕಡಿಮೆ ಮಾಡಿ, ಪೆಟ್ಟಿಗೆ ಒರೆಸಿ ಕೊಟ್ಟ. ಉಜ್ಜಿದೆ, ಕೆರೆದೆ, ಒರೆಸಿದೆ. ತಳ ಮತ್ತೆ ಕನ್ನಡಿ! ಇಡೀ ಬಿಲ್ಡಿಂಗು ಚಪ್ಪಾಳೆ ಹೊಡೆಯಿತು.

ಚಪ್ಪಾಳೆ ನಿಲ್ಲುವುದರೊಳಗೆ ಅಜ್ಜಿ ಮತ್ತೆ ಲಿಫ್ಟಿನಿಂದ ಹೊರಬಂದರು. ಕೈಯಲ್ಲಿ ಹೊಸದಾಗಿ ಎರಡು ನಿಂಬೆಹಣ್ಣು.

"ರಿಪೇರಿ ಆದ್ಮ್ಯಾಲೆ ಹೊಸಾದರ ಲೆಕ್ಕ. ಮತ್ತ ಪೂಜಿ ಆಗಬೇಕಲ್ಲ?"

ಒಂದು ಸ್ಕೀ ಹುಡುಗಿ ಎತ್ತಿಕೊಂಡಳು, ಇನ್ನೊಂದು ನಾನು. ಟ್ಯಾಕ್ಸಿಯ ಕಡೆ ನಾನು ಹಾಗೆ ಓಡಿದ್ದು ಮದುವೆಗೆ ಮುಂಚೆ ಇರಬೇಕು.

ವಾರದ ಮೇಲೆ ಅಜ್ಜಿಯೇ ಅಂಗಡಿಗೆ ಬಂದರು, ಪೇಢೆಯ ಡಬ್ಬಿ ಹಿಡಿದು. ಹುಡುಗಿ ಬೀಳಲಿಲ್ಲವಂತೆ. ಎರಡನೇ ನಂಬರು! ನಾನು ಎದ್ದು ನಿಂತು ಕೈ ಮುಗಿದೆ. ಅಜ್ಜಿ ನನ್ನ ಬಾಯಿಗೆ ಪೇಢೆ ತುರುಕಿ, ಕಣ್ಣು ಕೆಂಪಗೆ ಮಾಡಿ ಹೇಳಿದರು:

"ಎರಡನೇ ಪೂಜಿ ಮಾಡಗೊಟ್ಟಿದ್ರ ಒಂದನೇ ನಂಬರ್ ಬರ್ತಿದ್ಲು. ಎಲ್ಲಾ ನಿಮ್ಮಿಂದ!"