ರಾಜೇಸಾಬರ ಪಾಸ್‌ವರ್ಡು ಮತ್ತು ನನ್ನ ಷರಾ

ಮುಖ ನೋಡದೆ ಇನ್ನೊಬ್ಬರ ಮೇಲೆ ಷರಾ ಬರೆಯುವುದರಲ್ಲಿ ಒಂದು ಸುಖವಿದೆ. ಗದುಗಿನ ಬೀಜದ ಕಂಪನಿಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಆ ಸುಖವನ್ನು ನಾನು ಸಂಬಳ ತೆಗೆದುಕೊಂಡು ಅನುಭವಿಸಿದ್ದೇನೆ.

ನಮ್ಮಲ್ಲಿ ಹಾಜರಿಗೆ ಒಂದು, ದಾಸ್ತಾನಿಗೆ ಒಂದು, ರಜೆಗೆ ಒಂದು ಎಂದು ಬೇರೆ ಬೇರೆ ಪಾಸ್‌ವರ್ಡ್ ಇದ್ದವು. ಜನ ಅವನ್ನು ಕ್ಯಾಲೆಂಡರಿನ ಹಿಂದೆ ಬರೆದಿಡುತ್ತಿದ್ದರು. ಬೆಟಗೇರಿಯಿಂದ ಬರುವ ಟೈಪಿಸ್ಟ್ ಅಕ್ಕನವರು ಊಟದ ಡಬ್ಬಿಯ ತಳಕ್ಕೆ ಅಂಟಿಸಿದ್ದರು. ಆಮೇಲೆ ಸಿಂಗಲ್ ಸೈನ್ ಆನ್ ಬಂತು. ಮೊಬೈಲಿನಲ್ಲಿ ಮೂಡುವ ಆರಂಕಿಯನ್ನು ಅರ್ಧ ನಿಮಿಷದೊಳಗೆ ಒತ್ತಿದರೆ ಎಲ್ಲವೂ ಒಂದೇ ಸಲಕ್ಕೆ ತೆರೆಯುತ್ತದೆ. ತಿಂಗಳ ಕೊನೆಗೆ ಪಾಸ್‌ವರ್ಡಿನ ಹಳೆಯ ದಾರಿ ಬಂದ್. ಅಲ್ಲಿಯವರೆಗೆ ಯಾರು ಯಾವ ದಾರಿಯಲ್ಲಿ ಬರುತ್ತಾರೆಂದು ವಾರವಾರ ಪಟ್ಟಿ ಮಾಡುವುದು ನನ್ನ ಕೆಲಸ.

ಲಕ್ಷ್ಮೇಶ್ವರ ಗೋದಾಮಿನವರು ಮೊದಲ ವಾರವೇ ದಾರಿಗೆ ಬಂದರು. ಶಿರಹಟ್ಟಿಯವರು ಫೋನಿನಲ್ಲಿ ಒಮ್ಮೆ ಗದರಿಸಿದ ಮೇಲೆ ಬಂದರು. ಉಳಿದದ್ದು ಒಂದೇ ಹೆಸರು: ಮುಂಡರಗಿ ಗೋದಾಮಿನ ಸ್ಟೋರ್‌ಕೀಪರ್ ರಾಜೇಸಾಬ. ಎಷ್ಟು ಸಲ ಫೋನ್ ಮಾಡಿದರೂ "ನಾಳಿ ಮಾಡ್ತೀನ್ರಿ ಸರ್" ಎನ್ನುವರು. ಮೂರನೆಯ ವಾರ ಅವರ ಹೆಸರಿನ ಮುಂದೆ "ಹಟಮಾರಿ. ಕ್ರಮ ಅಗತ್ಯ" ಎಂದು ಬರೆದು ಮ್ಯಾನೇಜರರಿಗೆ ಕಳಿಸಿದೆ. ಆ ಖುಷಿಗೆ ಒಂದು ಚಹಾ ಹೆಚ್ಚಿಗೆ ಕುಡಿದೆ.

ಮ್ಯಾನೇಜರರು, "ಒಮ್ಮೆ ಹೋಗಿ ನೋಡಿ ಬರ್ರಿ. ಆಮ್ಯಾಲೆ ನೋಟೀಸ್ ಕೊಡೋಣು" ಎಂದರು.

ರಾಜೇಸಾಬರು ದಿನಾ ಕೊರ್ಲಹಳ್ಳಿಯಿಂದ ಬರುವವರು. ನಾನು ಗೋದಾಮಿಗೆ ಹೋದಾಗ ಪರದೆ ಕಡೆ ನೋಡದೆಯೇ ಪಾಸ್‌ವರ್ಡ್ ಒತ್ತುತ್ತಿದ್ದರು. ಹೊಸ ದಾರಿಯಲ್ಲಿ ಬಂದು ತೋರಿಸಿ ಎಂದೆ. ಡ್ರಾವರಿನಿಂದ ಭೂತಗನ್ನಡಿ ತೆಗೆದು ಮೊಬೈಲಿನ ಮೇಲೆ ಬಗ್ಗಿದರು. ಓದುವಷ್ಟರಲ್ಲಿ ಅಂಕಿ ಮಾಯವಾಯಿತು. ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಕನ್ನಡಿಯನ್ನು ಮೇಜಿನ ಮೇಲಿಟ್ಟುಬಿಟ್ಟರು.

"ಎಷ್ಟ ದಿನದಿಂದ ಹಿಂಗ ಐತ್ರಿ?" ಎಂದು ಕೇಳಿದೆ.

"ವರ್ಷದ ಮ್ಯಾಲಾತ್ರಿ. ಪಾಸ್‌ವರ್ಡು ಬೆರಳಿಗೆ ಗೊತ್ತೈತಿ, ಕಣ್ಣು ಬೇಕಾಗಂಗಿಲ್ಲ. ಚೀಲದ ಮ್ಯಾಲಿನ ಚೀಟಿ ನಿಧಾನಕ ಓದತೀನಿ. ಈ ನಂಬರು ನನಗ ಕಾಯಂಗಿಲ್ರಿ."

"ಡಾಕ್ಟರಿಗೆ ತೋರಸ್ಬೇಕಿಲ್ಲೇನು?"

"ರಜಾ ಅರ್ಜಿಯೊಳಗ ಕಣ್ಣು ಅಂತ ಬರೀಬೇಕಾಗತೈತಲ್ರಿ. ಖಬರ ಆದ್ರ ಮನಿಗೆ ಕಳಸ್ತೀರಿ ಅಂತ ಅಂಜಿದ್ನಿ."

ಮರುದಿನ ಅವರನ್ನು ಗದುಗಿನ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಎರಡೂ ಕಣ್ಣಿಗೆ ಪೊರೆ, ಆಪರೇಷನ್ ಮಾಡಿದರೆ ಸರಿಹೋಗುತ್ತದೆ ಎಂದರು. ಅಲ್ಲಿಂದ ನೇರ ಮ್ಯಾನೇಜರರ ಕೋಣೆಗೆ ಹೋಗಿ ನನ್ನ ಷರಾ ಹೊಡೆದುಹಾಕಬೇಕೆಂದು ಕೇಳಿಕೊಂಡೆ.

"ಹಟಮಾರಿ ಅಂತ ಬರದವ್ರು ನೀವ ಅಲ್ಲೇನು?"

"ಹೌದ್ರಿ. ನೋಡದ ಬರದಿದ್ನಿ."

ಅವರು ಬೈಯಲಿಲ್ಲ. ರಾಜೇಸಾಬರ ರಜಾ ಅರ್ಜಿಯನ್ನು ನನ್ನ ಕೈಯಿಂದಲೇ ಬರೆಸಿಕೊಂಡು ಸಹಿ ಮಾಡಿದರು. ಕೆಲಸಕ್ಕೆ ಧಕ್ಕೆಯಿಲ್ಲ ಎಂದು ಫೋನಿನಲ್ಲಿ ತಾವೇ ಅವರಿಗೆ ಹೇಳಿದರು.

ಆಪರೇಷನ್ ಮುಗಿದು, ರಜೆಯೂ ಮುಗಿದ ಮೇಲೆ ರಾಜೇಸಾಬರು ಗದುಗಿನ ಆಫೀಸಿಗೆ ಬಂದರು. ನನ್ನೆದುರೇ ಆರಂಕಿ ಓದಿ, ಒತ್ತಿ, ಒಳಗೆ ಹೋದರು. ಆಮೇಲೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು.

"ಏನ್ರಿ?" ಎಂದೆ.

"ಏನಿಲ್ರಿ ಸರ್. ನಿಮ್ಮ ಧ್ವನಿ ಕೇಳಿ ಯಾರೋ ಬಿಸಿರಕ್ತದ ಹರೇದವ್ರು ಅಂತ ತಿಳದಿದ್ನಿ. ಈಗ ನೋಡಿದ್ರ ನನಗಿಂತ ಹಿರ್ಯಾರು ಕಾಣ್ತೀರಿ."

ನಾನು ಅವರಿಗಿಂತ ಆರು ವರ್ಷ ಚಿಕ್ಕವನು. ಆದರೆ ಆಪರೇಷನ್ ಬಹಳ ಚೆನ್ನಾಗಿ ಆಗಿದೆ ಎಂದು ಡಾಕ್ಟರೇ ಹೇಳಿದ್ದರಿಂದ ಸುಮ್ಮನಾದೆ.